ರೂಂಮೇಟ್‌ಗೆ ಗೊತ್ತಿಲ್ಲದೆ ಮೊಲದ ಸಾರು ತಿನ್ನಿಸಿದೆ, ತಪ್ಪಾ?

ನಿಮ್ಮ ಕಥೆ ಇಷ್ಟು, ಅಲ್ವಾ? ಊರಿಂದ ಮೊಲದ ಸಾರು ಡಬ್ಬಿಯಲ್ಲಿ ತಂದಿರಿ. ರೂಂಮೇಟ್ ಕೋಳಿ ಅಂದುಕೊಂಡು ನಾಲ್ಕು ತುತ್ತು ತಿಂದರು. ಆಮೇಲೆ ಗೊತ್ತಾಗಿ ಮಾತು ಬಿಟ್ಟಿದ್ದಾರೆ, ಅವರ ಮನೆಯಲ್ಲಿ ಮೊಲ ಸಾಕಿದ್ದಾರಂತೆ. ಜನ ಮುದ್ದಿಗೆ ಸಾಕುವ ಪ್ರಾಣಿಯನ್ನು ತಿನ್ನುವುದು ತಪ್ಪಾ ಅಂತ ಕೇಳಿದ್ದೀರಿ.

ಮೊದಲೇ ಹೇಳಿಬಿಡುತ್ತೇನೆ. ಅದು ಕಾಡುಮೊಲ ಆಗಿದ್ದರೆ ವಿಷಯವೇ ಬೇರೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದರ ಬೇಟೆ ಅಪರಾಧ. ಶೆಡ್‌ನಲ್ಲಿ ಸಾಕಿದ ಮೊಲ ಅಂದುಕೊಂಡು ಮುಂದಿನದನ್ನು ಬರೆಯುತ್ತಿದ್ದೇನೆ.

ನಾನು ಬೆಳೆದದ್ದು ಶ್ರೀರಾಂಪುರದಲ್ಲಿ. ಆಗ ಬುಟ್ಟಿಯಲ್ಲಿ ಬಣ್ಣ ಹಾಕಿದ ಕೋಳಿಮರಿ ಮಾರಿಕೊಂಡು ಬರುತ್ತಿದ್ದರು. ಗುಲಾಬಿ, ಹಸಿರು, ನೀಲಿ. ಮೊಟ್ಟೆ ಫಾರಂಗಳಿಗೆ ಗಂಡುಮರಿ ಬೇಡ, ಹಾಗೆ ಬೇಡವಾದವೇ ಹೆಚ್ಚಾಗಿ ಬಣ್ಣ ಬಳಿಸಿಕೊಂಡು ಬೀದಿಗೆ ಬರುತ್ತವೆ ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಮೂರ್ನಾಲ್ಕು ದಿನಕ್ಕೆ ಸತ್ತುಹೋಗುತ್ತಿದ್ದವು. ನಮ್ಮದೊಂದು ಗುಲಾಬಿ ಮರಿ ಮಾತ್ರ ಬದುಕಿತು. ಬಣ್ಣ ಹೋಗಿ ಬಿಳಿ ಹುಂಜ ಆಯಿತು. ತಾರಸಿ ಮೇಲೆ ಅದರದ್ದೇ ದರ್ಬಾರು. ಬೆಳಗಿನ ಜಾವ ನಾಲ್ಕಕ್ಕೇ ಕೂಗು. ಪಕ್ಕದ ಮನೆಯವರು ಜಗಳಕ್ಕೆ ಬಂದರು.

ಯುಗಾದಿ ಮಾರನೇ ದಿನ, ಹೊಸತೊಡಕಿಗೆ, ಅದನ್ನೇ ಕೊಯ್ಯೋಣ ಅಂದರು ಅಮ್ಮ. ನಾನೂ ತಂಗಿಯೂ ರಂಪ ಮಾಡಿದೆವು. ಅಪ್ಪ ಹುಂಜವನ್ನು ಚೀಲದಲ್ಲಿ ಹಾಕಿಕೊಂಡು ಕೋಳಿ ಅಂಗಡಿಗೆ ಹೋದರು. ಅದನ್ನು ಕೊಟ್ಟು ಬೇರೆ ಕೋಳಿ ತಂದೆ ಅಂದರು. ‘ಇದು ನಮ್ದಲ್ಲ, ತಿನ್ರೋ.’ ತಿಂದೆವು. ಮುದ್ದೆ ಜೊತೆ, ಎರಡು ಸಲ ಸಾರು ಹಾಕಿಸಿಕೊಂಡು.

ಹುಂಜಕ್ಕೆ ಅದರಿಂದ ಏನು ಬಂತು? ಅವತ್ತು ಅದನ್ನು ಇನ್ಯಾರೋ ತಿಂದಿರುತ್ತಾರೆ. ಕೋಳಿಗೆ ಆಗುವ ನೋವು ಮೊಲಕ್ಕಿಂತ ಕಡಿಮೆ ಅಂತ ನನಗೆ ಅನ್ನಿಸುವುದಿಲ್ಲ. ಮೊಲ ತಿನ್ನುವುದು ತಪ್ಪಾದರೆ ನನ್ನ ಭಾನುವಾರದ ಕೋಳಿಯೂ ತಪ್ಪೇ. ಕೂದಲು ಮೆತ್ತಗಿದೆ ಅನ್ನುವುದು ಒಂದು ಕಾರಣವಾ? ಪೆರು ದೇಶದಲ್ಲಿ ಗಿನಿಪಿಗ್ ಹಬ್ಬದ ಅಡುಗೆ, ಇಲ್ಲಿ ಮಕ್ಕಳು ಅದನ್ನು ಪಂಜರದಲ್ಲಿಟ್ಟು ಕ್ಯಾರೆಟ್ ಕೊಡುತ್ತಾರೆ.

ನಾಯಿ ವಿಷಯ ಬಂದರೆ ನನ್ನ ವಾದವೂ ಕುಂಟುತ್ತದೆ. 2024ರ ಜುಲೈನಲ್ಲಿ ಮೆಜೆಸ್ಟಿಕ್ ರೈಲ್ವೆ ಸ್ಟೇಷನ್‌ಗೆ ರಾಜಸ್ಥಾನದಿಂದ ಬಂದ ಮಾಂಸದ ಪೆಟ್ಟಿಗೆಗಳಲ್ಲಿ ನಾಯಿ ಮಾಂಸ ಇದೆ ಅಂತ ಗಲಾಟೆ ಆಯಿತಲ್ಲ, ಆ ವಾರ ನಮ್ಮ ಆಫೀಸಿನಲ್ಲಿ ಮಟನ್ ಬಿರಿಯಾನಿ ಮುಟ್ಟಿದವರಿಲ್ಲ. ಪರೀಕ್ಷೆಯಲ್ಲಿ ಅದು ಮೇಕೆದು ಅಂತ ಬಂತು. ಎಲ್ಲರಿಗೂ ಸಮಾಧಾನ. ಸತ್ತದ್ದು ಮೇಕೆ, ಸದ್ಯ! ನನಗೂ ಹಾಗೇ ಅನ್ನಿಸಿತು. ನಾಗಾಲ್ಯಾಂಡ್ ಸರ್ಕಾರ 2020ರಲ್ಲಿ ನಾಯಿ ಮಾಂಸ ಮಾರಾಟ ನಿಷೇಧಿಸಿತ್ತು, 2023ರಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಅಲ್ಲಿಯವರ ಊಟಕ್ಕೆ ನಾನು ಹೆಸರಿಡಲಾರೆ. ಬಾಯಿ ಕಟ್ಟಿ, ಗೋಣಿಚೀಲದಲ್ಲಿ ತುಂಬಿ ಸಾಗಿಸುವುದು ಮಾತ್ರ ಸರಿ ಅಲ್ಲ. ಸ್ಕೂಟರಿಗೆ ಕೋಳಿಗಳನ್ನು ತಲೆಕೆಳಗಾಗಿ ನೇತುಹಾಕಿಕೊಂಡು ಹೋಗುತ್ತಾರಲ್ಲ, ಅದೂ ಅಷ್ಟೇ.

ಇನ್ನು ನಿಮ್ಮ ರೂಂಮೇಟ್. ನೀವು ಮೊಲ ತಿಂದದ್ದರಲ್ಲಿ ನನಗೆ ತಪ್ಪು ಕಾಣಲಿಲ್ಲ. ಅವರು ಕೋಳಿ ಅಂದುಕೊಂಡಿದ್ದಾರೆ ಅಂತ ಗೊತ್ತಿದ್ದೂ ಸುಮ್ನೆ ಇದ್ದಿರಲ್ಲ, ಅದು ತಪ್ಪು. ಕೈಯಾರೆ ಸೊಪ್ಪು ಹಾಕಿ ಸಾಕಿದವರಿಗೆ ಅದು ಬರೀ ಮಾಂಸ ಅಲ್ಲ. ‘ನೀವು ಕೋಳಿ ತಿನ್ನಲ್ವಾ’ ಅಂತ ವಾದಕ್ಕೆ ಇಳಿಯಬೇಡಿ. ಹೇಳಬೇಕಿತ್ತು, ಹೇಳಲಿಲ್ಲ, ಕ್ಷಮಿಸಿ ಅನ್ನಿ.

ಅಪ್ಪ ಅವತ್ತು ತಂದದ್ದು ನಿಜವಾಗಿಯೂ ಬೇರೆ ಕೋಳಿಯೇನಾ? ತಂಗಿಗೆ ಈಗಲೂ ಅನುಮಾನ. ಇಬ್ಬರೂ ಇದುವರೆಗೆ ಅವರನ್ನು ಕೇಳಿಲ್ಲ.