ವಿಶ್ವ ಮತ್ತೆ ಕುಗ್ಗಲಿದೆಯೇ?

ಪ್ರಶ್ನೆ: ಡಾರ್ಕ್ ಎನರ್ಜಿ ದುರ್ಬಲವಾಗುತ್ತಿದೆ, ಮುಂದೆ ವಿಶ್ವ ಕುಗ್ಗಿ ಮುದ್ದೆಯಾಗುತ್ತದೆ ಎಂದು ಒಂದು ವಿಡಿಯೊದಲ್ಲಿ ಹೇಳಿದರು. ನಿಜವೇ ಸರ್? ಗೆಲಾಕ್ಸಿಗಳೆಲ್ಲ ದೂರ ಸರಿಯುತ್ತಿದ್ದರೆ ಆಂಡ್ರೊಮಿಡಾ ನಮ್ಮ ಕಡೆಗೇ ಬರುತ್ತಿರುವುದು ಹೇಗೆ?
– ಪಿಯುಸಿ ವಿದ್ಯಾರ್ಥಿನಿ, ಹೊಸನಗರ

ಉತ್ತರ: ಮೊದಲ ಮಾತಿನಲ್ಲಿ ಹುರುಳಿದೆಯಮ್ಮಾ. ಕುಗ್ಗುವ ಮಾತು ಅವಸರದ್ದು.

ವಿಶ್ವ ಹಿಗ್ಗುವ ವೇಗ ಹೆಚ್ಚುತ್ತಿದೆ ಎಂದು 1998ರಲ್ಲಿ ದೂರದಲ್ಲಿ ಸಿಡಿದ ನಕ್ಷತ್ರಗಳಿಂದ, ಅಂದರೆ ಸೂಪರ್‌ನೋವಾಗಳಿಂದ ಗೊತ್ತಾಯಿತು. ಅದರ ಹಿಂದಿರುವ ಕಾರಣಕ್ಕೆ ಡಾರ್ಕ್ ಎನರ್ಜಿ ಎಂದು ಹೆಸರಿಟ್ಟರು. ಅದರ ಸಾಂದ್ರತೆ ಎಂದೂ ಬದಲಾಗುವುದಿಲ್ಲ ಎಂದೇ ಈವರೆಗಿನ ಲೆಕ್ಕ. ಆ ಲೆಕ್ಕವನ್ನು ಅಲುಗಾಡಿಸಿರುವುದು ಅಮೆರಿಕದ ಅರಿಜೋನಾದಲ್ಲಿ, ಕಿಟ್ ಪೀಕ್ ಬೆಟ್ಟದ ಮೇಲಿರುವ ‘ಡೆಸಿ’ ಉಪಕರಣ. ಅದರ 5,000 ಆಪ್ಟಿಕಲ್ ಫೈಬರ್‌ಗಳು ಸಾವಿರಾರು ಗೆಲಾಕ್ಸಿಗಳ ಬೆಳಕನ್ನು ಒಟ್ಟಿಗೇ ಹಿಡಿಯುತ್ತವೆ.

ಡೆಸಿ ಹುಡುಕುವುದು ಒಂದು ಹಳೆಯ ಗುರುತನ್ನು. ವಿಶ್ವ ಹುಟ್ಟಿದ ಮೇಲೆ ಸುಮಾರು 3,80,000 ವರ್ಷ ಬಿಸಿ ಪ್ಲಾಸ್ಮಾದಲ್ಲಿ (ವಿದ್ಯುದಾವೇಶದ ಕಣಗಳ ಅನಿಲದಲ್ಲಿ) ಶಬ್ದದಂಥ ಅಲೆಗಳು ಹರಡುತ್ತಿದ್ದವು. ವಿಶ್ವ ತಣಿದಾಗ ಅವು ನಿಂತವು. ಅವು ಅಷ್ಟರಲ್ಲಿ ಸಾಗಿದ್ದ ದೂರ, ಇಂದಿನ ಲೆಕ್ಕದಲ್ಲಿ ಸುಮಾರು 49 ಕೋಟಿ ಜ್ಯೋತಿರ್ವರ್ಷ, ಗೆಲಾಕ್ಸಿಗಳ ಹಂಚಿಕೆಯಲ್ಲಿ ಅಚ್ಚೊತ್ತಿದೆ. ಯಾವ ಕಾಲದಲ್ಲಿ ಈ ಅಂತರ ಎಷ್ಟು ದೊಡ್ಡದಾಗಿ ಕಾಣುತ್ತದೆಂದು ಅಳೆದರೆ, ವಿಶ್ವ ಹಿಗ್ಗುತ್ತಾ ಬಂದ ಚರಿತ್ರೆಯೇ ಕೈಗೆ ಸಿಗುತ್ತದೆ. ಇದಕ್ಕಿಂತ ಸೊಗಸಾದ ಅಳತೆಗೋಲನ್ನು ನಾನಂತೂ ಕಂಡಿಲ್ಲ.

1.4 ಕೋಟಿಗೂ ಹೆಚ್ಚು ಗೆಲಾಕ್ಸಿ, ಅತಿ ಪ್ರಕಾಶಮಾನ ಗೆಲಾಕ್ಸಿ ಕೇಂದ್ರಗಳಾದ ಕ್ವೇಸಾರ್‌ಗಳನ್ನು ಅಳೆದ ಫಲಿತಾಂಶ 2025ರ ಮಾರ್ಚ್‌ನಲ್ಲಿ ಬಂತು. ಅದಕ್ಕೆ ಸೂಪರ್‌ನೋವಾ ಮತ್ತು ಆದಿ ವಿಶ್ವದ ಬೆಳಕಿನ ಮಾಹಿತಿ ಸೇರಿಸಿದರೆ, ಡಾರ್ಕ್ ಎನರ್ಜಿ ಈಚೆಗೆ ಕ್ಷೀಣಿಸುತ್ತಿರುವ ಸುಳಿವು ಸಿಗುತ್ತದೆ. ಸುಳಿವು ಎಂಬ ಪದವನ್ನು ಬೇಕೆಂದೇ ಬಳಸಿದೆ. ಯಾವ ಸೂಪರ್‌ನೋವಾ ಪಟ್ಟಿ ಸೇರಿಸುತ್ತೀರಿ ಎಂಬುದರ ಮೇಲೆ ಖಚಿತತೆ 2.8ರಿಂದ 4.2 ಸಿಗ್ಮಾ ನಡುವೆ ಓಲಾಡುತ್ತದೆ. ಸಿಗ್ಮಾ ಎಂದರೆ ಫಲಿತಾಂಶ ಬರಿಯ ಆಕಸ್ಮಿಕವಲ್ಲ ಎಂಬುದರ ಅಳತೆ, ಹೆಚ್ಚಿದಷ್ಟೂ ಖಚಿತ. ಶೋಧ ಎಂದು ಘೋಷಿಸಲು 5 ಸಿಗ್ಮಾ ಬೇಕು. ಪಟ್ಟಿ ಬದಲಾದರೆ ಉತ್ತರದ ಬಲವೂ ಬದಲಾಗುತ್ತಿರುವವರೆಗೆ ಎಚ್ಚರ ಒಳ್ಳೆಯದು.

ಇನ್ನು ಸುಳಿವು ನಿಜವಾದರೂ ಕುಗ್ಗಲೇಬೇಕೆಂದಿಲ್ಲ. ಸಾಗರಕ್ಕೆ ಹೊರಟ ಬಸ್ಸಿನ ಡ್ರೈವರ್ ಆಕ್ಸಿಲರೇಟರ್ ತುಸು ಸಡಿಲಿಸಿದ ಮಾತ್ರಕ್ಕೆ ಬಸ್ಸು ಶಿವಮೊಗ್ಗಕ್ಕೆ ವಾಪಸಾಗುವುದಿಲ್ಲ.

ಆಂಡ್ರೊಮಿಡಾದ ಕಥೆ ಬೇರೆ. 25 ಲಕ್ಷ ಜ್ಯೋತಿರ್ವರ್ಷ ನಮಗೆ ದೂರವೆನಿಸಿದರೂ ವಿಶ್ವದ ಮಟ್ಟಿಗೆ ಪಕ್ಕದ ಮನೆ. ಇಷ್ಟು ಹತ್ತಿರದಲ್ಲಿ ಗುರುತ್ವದ್ದೇ ಮೇಲುಗೈ, ಹಾಗಾಗಿ ಅದು ಸೆಕೆಂಡಿಗೆ ಸುಮಾರು 110 ಕಿಲೋಮೀಟರ್ ವೇಗದಲ್ಲಿ ಇತ್ತ ಬರುತ್ತಿದೆ. ಡಿಕ್ಕಿ ಖಂಡಿತ ಎಂದು ಹಿಂದೆ ಹೇಳುತ್ತಿದ್ದರು. 2025ರಲ್ಲಿ ಬಂದ ಹೊಸ ಲೆಕ್ಕದ ಪ್ರಕಾರ ಮುಂದಿನ 1,000 ಕೋಟಿ ವರ್ಷಗಳಲ್ಲಿ ಅದರ ಸಾಧ್ಯತೆ ಅರ್ಧಕ್ಕರ್ಧ ಮಾತ್ರ.