ಬಾಗಿಲು ಹಾಕಿದ ಮನಸ್ಸು

“ಇಂಗ್ಲಿಷ್ ಕಾದಂಬರಿಕಾರ ಟೋಲ್ಕಿನ್ ಅವರ ಕತೆಗಳಲ್ಲಿ ಬರುವ ಎಲ್ಫ್ ಎಂಬ ಕಾಲ್ಪನಿಕ ಕುಲದವರು ತುಟಿ ಬಿಚ್ಚದೆ ಮನಸ್ಸಿನಿಂದ ಮನಸ್ಸಿಗೆ ಮಾತಾಡಬಲ್ಲರು. ಹಾಗಿದ್ದ ಮೇಲೆ ಅವರಿಗೆ ಕ್ವೆನ್ಯಾ, ಸಿಂದರಿನ್ ಎಂದು ಎರಡೆರಡು ಭಾಷೆಗಳ ಗೊಡವೆ ಏಕೆ? ಇದು ಲೇಖಕರ ಎಡವಟ್ಟಲ್ಲವೇ?”
– ಓದುಗರೊಬ್ಬರು, ಶಿರಸಿ

ಎಡವಟ್ಟಲ್ಲ, ಸ್ವಾಮಿ. ನಿಮ್ಮನ್ನು ಕೆಣಕಿದ್ದು 1955ರ ‘ದಿ ರಿಟರ್ನ್ ಆಫ್ ದಿ ಕಿಂಗ್’ ಕಾದಂಬರಿಯ ಆ ರಾತ್ರಿಗಳಿರಬೇಕು. ಯುದ್ಧ ಮುಗಿದಿದೆ, ಎಲ್ಲರೂ ಊರ ದಾರಿ ಹಿಡಿದಿದ್ದಾರೆ. ಆ ದಾರಿ ಕವಲೊಡೆಯುವಲ್ಲಿ ಅಗಲಲಾರದೆ ಒಂದು ವಾರ ಬೀಡುಬಿಡುತ್ತಾರೆ. ಹಾಬಿಟ್ ಎಂಬ ಕುಳ್ಳ ಜನ ಹೊದ್ದು ಮಲಗಿದ ಎಷ್ಟೋ ಹೊತ್ತಿನ ಮೇಲೂ ಎಲ್ಫ್ ಹಿರಿಯರಾದ ಗಲಾದ್ರಿಯೆಲ್, ಕೆಲೆಬಾರ್ನ್, ಎಲ್‌ರಾಂಡ್, ಜತೆಗೆ ಮಾಂತ್ರಿಕ ಗ್ಯಾಂಡಾಲ್ಫ್ ನಕ್ಷತ್ರಗಳ ಕೆಳಗೆ ಕುಳಿತೇ ಇರುತ್ತಾರೆ. ದಾರಿಹೋಕ ಯಾರಾದರೂ ಕಂಡಿದ್ದರೆ ಹಾಳುಬಿದ್ದ ನಾಡಿನ ಕಲ್ಲಿನ ವಿಗ್ರಹಗಳೆಂದುಕೊಳ್ಳಬೇಕು: ಅಲುಗಾಟವಿಲ್ಲ, ದನಿಯಿಲ್ಲ, ಕಣ್ಣುಗಳು ಮಾತ್ರ ಮಿನುಗುತ್ತಿವೆ. ಮಾತೆಲ್ಲ ಮನಸ್ಸಿನಿಂದ ಮನಸ್ಸಿಗೇ. (ಗ್ಯಾಂಡಾಲ್ಫ್ ಎಲ್ಫ್ ಅಲ್ಲ, ಗೊತ್ತು. ಅದಕ್ಕೆಂದು ಇನ್ನೊಂದು ಪತ್ರ ಬೇಡ.)

ಆದರೆ ಟೋಲ್ಕಿನ್ ಭಾಷಾಶಾಸ್ತ್ರದ ಪ್ರಾಧ್ಯಾಪಕರು. ಮೊದಲು ಭಾಷೆ ಕಟ್ಟಿ, ಆಮೇಲೆ ಅದನ್ನಾಡುವ ಜನರಿಗಾಗಿ ಕತೆ ಕಟ್ಟಿದವರು. ನಿಮಗೆ ಹೊಳೆದ ಪ್ರಶ್ನೆ ಅವರಿಗೆ ಹೊಳೆಯದೆ ಇದ್ದೀತೇ? 1960ರ ಸುಮಾರಿಗೆ ಇದಕ್ಕಾಗಿಯೇ ‘ಓಸನ್ವೆ ಕೆಂತ’ ಎಂಬ ಪ್ರಬಂಧ ಬರೆದರು. ಅದು ಅಚ್ಚಾದದ್ದು ಅವರು ತೀರಿಕೊಂಡು 25 ವರ್ಷಗಳಾದ ಮೇಲೆ, 1998ರಲ್ಲಿ.

ಅದರ ಪ್ರಕಾರ ತೆರೆದಿರುವುದೇ ಮನಸ್ಸಿನ ಸಹಜ ಸ್ಥಿತಿ. ಆದರೆ ದೇಹವುಳ್ಳವರಲ್ಲಿ ಈ ಶಕ್ತಿ ಮಂಕು. ಬಾಯಿಮಾತು ರೂಢಿಯಾದ ಮೇಲಂತೂ ಬಳಕೆ ತಪ್ಪಿ ಇನ್ನಷ್ಟು ಜಡ್ಡುಗಟ್ಟುತ್ತದೆ. ಆತ್ಮೀಯತೆ, ತುರ್ತು, ಅಧಿಕಾರ ಈ ಮೂರರಲ್ಲಿ ಒಂದಾದರೂ ಇದ್ದರೆ ಚುರುಕಾಗುತ್ತದೆ. ಆ ನಾಲ್ವರಲ್ಲಿ ಮೂವರು ಗಂಡ, ಹೆಂಡತಿ, ಅಳಿಯ ಎಂಬುದನ್ನು ಮರೆಯಬೇಡಿ. ನಮ್ಮಲ್ಲಿ ಅಳಿಯ ಹೀಗೆ ರಾತ್ರಿಯಿಡೀ ಬಾಯಿ ಬಿಡದೆ ಕುಳಿತರೆ ಮುನಿಸಿಕೊಂಡಿದ್ದಾನೆ ಎಂದೇ ಲೆಕ್ಕ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಮಾತು. ಮನಸ್ಸು ಒಲ್ಲೆ ಎಂದು ಬಾಗಿಲು ಹಾಕಿಕೊಂಡರೆ ಅದನ್ನು ಮುರಿದು ಒಳಗೆ ಹೋಗಲು ಯಾರಿಂದಲೂ ಆಗದು. ಮಾಡಬಾರದು ಎಂಬ ಕಟ್ಟಳೆಯಷ್ಟೇ ಅಲ್ಲ, ಮಾಡಲಾಗದು ಎಂಬ ಮಿತಿ. ಟೋಲ್ಕಿನ್ ಲೋಕದ ಮೊದಲ ಖಳ, ಮಹಾಬಲಶಾಲಿ ಮೆಲ್ಕಾರ್‌ಗೂ ಅದೇ ಗತಿ. ಹಾಗಾಗಿ ಅವನು ಕಳ್ಳದಾರಿ ಹಿಡಿದ: ಸ್ನೇಹದ ವೇಷ, ಉಡುಗೊರೆ, ಬಣ್ಣದ ಮಾತು. ಒಡೆಯನೇ ನಂಬಿ ಅಗುಳಿ ತೆಗೆಯುವಂತೆ ಮಾಡಿದ. ಭಾಷೆಯನ್ನು ಕಿತ್ತುಹಾಕಿದರೆ ಈ ಖಳನಾಯಕನ ಅರ್ಧ ಕಸುಬೇ ಹೋಗುತ್ತದೆ, ಕತೆಯೂ ಅದರ ಹಿಂದೆಯೇ.

ಇನ್ನು ಎಲ್ಫ್‌ಗಳ ಹೆಸರಿನ ವಿಷಯ; ಅವರಿಗೆ ಮಾತು ಎಷ್ಟು ಮುಖ್ಯ ಎಂಬುದು ಅದರಲ್ಲೇ ಇದೆ. ಕುಯ್ವಿಯೇನೆನ್ ಎಂಬ ನೀರಿನ ದಡದಲ್ಲಿ ಮೊಟ್ಟಮೊದಲು ಕಣ್ತೆರೆದ ಎಲ್ಫ್‌ಗಳು ಕಣ್ಣಿಗೆ ಬಿದ್ದುದಕ್ಕೆಲ್ಲ ಹೆಸರಿಡುತ್ತಾ ಹೋದರು. ತಮಗೆ ಇಟ್ಟುಕೊಂಡ ಹೆಸರು ‘ಕ್ವೆಂದಿ’: ದನಿಯೆತ್ತಿ ಮಾತಾಡುವವರು. ಮಾತಾಡುವ, ಹಾಡುವ ಬೇರೊಂದು ಜೀವಿಯನ್ನು ಅವರು ಅಲ್ಲಿಯವರೆಗೆ ಕಂಡಿರಲಿಲ್ಲ.

– ಸಂ.