ಐಸ್ ಹಾಕಿ ಆಟದ ಸ್ಕೌಟ್‌ಗಳು, ಅಂದರೆ ತಂಡಕ್ಕೆ ಹೊಸ ಆಟಗಾರರನ್ನು ಹುಡುಕುವವರು, ಹುಡುಗನ ಹುಟ್ಟಿದ ತಾರೀಖು ಯಾಕೆ ನೋಡುತ್ತಾರೆ?

ಹುಡುಗನ ಈಗಿನ ಆಟವಲ್ಲ, ನಾಲ್ಕೈದು ವರ್ಷ ಬಿಟ್ಟು ಅವನು ಹೇಗೆ ಆಡಬಹುದು ಅನ್ನೋದನ್ನು ಅಳೆಯಬೇಕು, ಅದಕ್ಕೆ. ಅಮೆರಿಕ-ಕೆನಡಾದ ಎನ್‌ಎಚ್‌ಎಲ್ ಲೀಗ್‌ನಲ್ಲಿ ಸೆಪ್ಟೆಂಬರ್ 15ರೊಳಗೆ 18 ತುಂಬಿದರೆ ಆ ವರ್ಷದ ಡ್ರಾಫ್ಟ್‌ಗೆ, ಅಂದರೆ ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ ಕಾರ್ಯಕ್ರಮಕ್ಕೆ, ಅರ್ಹತೆ. ಮರುದಿನ ತುಂಬುವವನು ಒಂದು ವರ್ಷ ಕಾಯಬೇಕು. ಹಾಗಾಗಿ ಒಂದೇ ಗುಂಪಿನಲ್ಲಿ ಹೆಚ್ಚುಕಮ್ಮಿ ಒಂದು ವರ್ಷ ದೊಡ್ಡವನೂ ಇರುತ್ತಾನೆ.

ನಮ್ಮ ಅಂಕೋಲಾ ಕಡೆಯ ಶಾಲಾ ಕಬಡ್ಡಿಯಲ್ಲೂ ಹೀಗೇ ಅಲ್ವಾ? ಮೀಸೆ ಚಿಗುರಿದವನು ಮೂವರನ್ನು ಎಳೆದುಕೊಂಡೇ ಗೆರೆ ಮುಟ್ಟುತ್ತಾನೆ. ನನ್ನ ಕಣ್ಣು ಮಾತ್ರ, ಸರಿಯಾದ ಹೊತ್ತಿಗೆ ಪಾದ ಹಿಡಿಯುವ ಸಣಕಲು ಹುಡುಗನ ಮೇಲೆ. ಮೈ ಆಮೇಲೆ ತುಂಬಿಕೊಳ್ಳುತ್ತದೆ. ಸ್ಕೌಟ್‌ಗಳೂ ಅಷ್ಟೇ, ಪಕ್ ಎನ್ನುವ ರಬ್ಬರ್ ಬಿಲ್ಲೆ ತನ್ನ ಹತ್ತಿರ ಇಲ್ಲದಾಗ ಹುಡುಗ ಎಲ್ಲಿ ಹೋಗಿ ನಿಲ್ಲುತ್ತಾನೆ ಅಂತ ನೋಡುತ್ತಾರೆ.